ಗೊಂಬೆ ಹಬ್ಬದ ರೈಲಿಗೂ ಒಂದು ಕೆಲಸ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಸರಾ ಹತ್ತಿರ ಬಂತು ಅಂದರೆ ಮೈಸೂರಿನ ಮನೆಗಳಲ್ಲಿ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಯುತ್ತದೆ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಿಗೆ, ಶೆಟ್ಟರ ಅಂಗಡಿ ಕೆಳಗಿನ ಮೆಟ್ಟಿಲಿಗೆ, ನೆಲದ ಮೇಲೆ ರಾಗಿ ಪೈರಿನ ಪಾರ್ಕು. ಕೆಲವು ಮನೆಗಳಲ್ಲಿ ಆ ಪಾರ್ಕಿನ ಸುತ್ತ ಒಂದು ನೀಲಿ ಇಂಜಿನ್ ಓಡುತ್ತಿರುತ್ತದೆ. ಮುಂದೆ ಮುಖ, ಮೈಮೇಲೆ ಒಂದನೇ ನಂಬರು. ಟಿವಿಯಲ್ಲಿ ‘ಥಾಮಸ್ ಅಂಡ್ ಫ್ರೆಂಡ್ಸ್’ ನೋಡಿದ ಮಕ್ಕಳಿಗೆ ಗುರುತು ಹೇಳಬೇಕಾಗಿಲ್ಲ.

ಮೊದಲ ದಿನ ಮಗು ಕುಣಿಯುತ್ತದೆ. ಮೂರನೇ ದಿನ ತಿರುಗಿಯೂ ನೋಡುವುದಿಲ್ಲ. ತಪ್ಪು ಮಗುವಿನದಲ್ಲ. ಸುಮ್ಮನೆ ಸುತ್ತು ಹೊಡೆಯುವುದನ್ನು ಗಾಣದ ಎತ್ತು ಅನ್ನುತ್ತೇವೆ, ರೈಲು ಅನ್ನುವುದಿಲ್ಲ. ಇವತ್ತು ನಾನು ಹೇಳುವುದು ಇಷ್ಟೇ: ಇಂಜಿನ್ನಿಗೆ ಕೆಲಸ ಕೊಡಿ.

ಈ ಥಾಮಸ್ ಹುಟ್ಟಿದ ಕಥೆಯನ್ನೇ ನೋಡಿ. ಎರಡನೇ ಮಹಾಯುದ್ಧದ ಕಾಲ. ಇಂಗ್ಲೆಂಡಿನಲ್ಲಿ ಆಡ್ರಿ ಎಂಬ ಪಾದ್ರಿಗಳು. ಅವರ ಪುಟ್ಟ ಮಗ ಕ್ರಿಸ್ಟೋಫರನಿಗೆ ದಡಾರ. ಹಾಸಿಗೆ ಬಿಟ್ಟು ಏಳುವಂತಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಇಂಜಿನ್‌ಗಳ ಕಥೆ ಕಟ್ಟಿ ಹೇಳಿದರು. ಆ ಕಥೆಗಳು 1945ರಲ್ಲಿ ಪುಸ್ತಕವಾದವು. ಅದರಲ್ಲಿ ಥಾಮಸ್ ಇನ್ನೂ ಇಲ್ಲ. ಮಗನಿಗೆ ಕಥೆಯ ದೊಡ್ಡ ಇಂಜಿನ್ ಗಾರ್ಡನ್ ಆಟಿಕೆಯಾಗಿ ಬೇಕಿತ್ತು. ಯುದ್ಧಕಾಲದಲ್ಲಿ ಸಾಮಾನು ಎಲ್ಲಿ ಸಿಗಬೇಕು? ಕೈಗೆ ಸಿಕ್ಕ ಮರದ ಚೂರುಗಳಲ್ಲಿ ಅಪ್ಪ ಒಂದು ಚಿಕ್ಕ ಟ್ಯಾಂಕ್ ಇಂಜಿನ್ ಮಾಡಿಕೊಟ್ಟರು. ಹುಡುಗ ‘ಇದರ ಕಥೆ ಹೇಳು’ ಅಂತ ಹಟ ಹಿಡಿದ. 1946ರಲ್ಲಿ ಥಾಮಸ್ ಪುಸ್ತಕಕ್ಕೆ ಬಂದ. ಬಂದವನಿಗೆ ಸಿಕ್ಕ ಮೊದಲ ಕೆಲಸ ಏನು? ಶಂಟಿಂಗ್! ದೊಡ್ಡ ಇಂಜಿನ್‌ಗಳಿಗೆ ಬೋಗಿ ತಂದು ಜೋಡಿಸುವುದು. ಟ್ಯಾಂಕ್ ಇಂಜಿನ್ ನೀರನ್ನು ತನ್ನ ಮೈಗೇ ಕಟ್ಟಿಕೊಂಡಿರುತ್ತದೆ, ಹಿಂದೆ ಟೆಂಡರ್ ಎಂಬ ನೀರು-ಕಲ್ಲಿದ್ದಲಿನ ಗಾಡಿ ಇಲ್ಲ, ಹಿಂದಕ್ಕೂ ಮುಂದಕ್ಕೂ ಒಂದೇ ಸಲೀಸು. ಹಾಗಾಗಿ ಆ ಕೆಲಸ ಅದಕ್ಕೆ ಹೇಳಿ ಮಾಡಿಸಿದ್ದು.

ಇನ್ನೂ ಇದೆ. ಓದಿದ ಮಕ್ಕಳು ಕಾಗದ ಬರೆದು ತಕರಾರು ಶುರುಮಾಡಿದರು, ಈ ಚಿತ್ರಕ್ಕೂ ಆ ಚಿತ್ರಕ್ಕೂ ತಾಳೆ ಆಗುತ್ತಿಲ್ಲ ಅಂತ. ಹಾಗಾದರೆ ಈ ಊರು ಇರುವುದೆಲ್ಲಿ? 1950ರಲ್ಲಿ ಆಡ್ರಿಯವರು ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಹೋಗಿದ್ದರು. ಅಲ್ಲಿನ ಬಿಷಪ್ಪರ ಬಿರುದು ‘ಸೋಡೋರ್ ಮತ್ತು ಮ್ಯಾನ್’. ಮ್ಯಾನ್ ದ್ವೀಪ ಕಣ್ಣೆದುರಿಗಿದೆ, ಸೋಡೋರ್ ಎಲ್ಲೂ ಇಲ್ಲ. ಸರಿ, ಆ ಇಲ್ಲದ ದ್ವೀಪವನ್ನೇ ತಮ್ಮ ಇಂಜಿನ್‌ಗಳಿಗೆ ಬರೆದುಕೊಟ್ಟರು! ತಮ್ಮನ ಜೊತೆ ಕೂತು ನಕ್ಷೆ ಹಾಕಿದರು: ಇಲ್ಲಿ ಕಲ್ಲಿನ ಗಣಿ, ಇಲ್ಲಿ ಬಂದರು, ಇಲ್ಲಿಂದ ಅಲ್ಲಿಗೆ ಸಾಗಬೇಕಾದ್ದು ಇಂಥದ್ದು. 1984ರಲ್ಲಿ ಟಿವಿಗೆ ಬಂದಾಗಲೂ ಇಂಜಿನ್‌ಗಳಿಗೆ ಕೆಲಸ ತಪ್ಪಲಿಲ್ಲ. ಅಲ್ಲಿ ಓಡಿದ್ದು ಕಂಪ್ಯೂಟರ್ ಚಿತ್ರವಲ್ಲ, ಕೈಯಲ್ಲಿ ಮಾಡಿದ ಮಾದರಿಗಳು. ಹಳಿಯ ಅಗಲ 45 ಮಿಲಿಮೀಟರ್, ಕಣ್ಣುಗುಡ್ಡೆ ರಿಮೋಟಿನಲ್ಲಿ ತಿರುಗುತ್ತಿತ್ತು.

ಕಥೆ ಉದ್ದವಾಯಿತು, ಗಡಿಯಾರ ನೋಡುತ್ತಿದ್ದೇನೆ. ಕೆಲಸಕ್ಕೆ ಬರೋಣ.

ಮನೆಗೆ 16.5 ಮಿಲಿಮೀಟರ್ ಹಳಿಯ, ಓಓ ಎಂಬ ಮಾದರಿ ರೈಲಿನ ಅಳತೆ ಸಾಕು, ಅಸಲಿಗೆ 76ರಲ್ಲಿ ಒಂದು ಪಾಲು. 8×4 ಅಡಿ ಪ್ಲೈವುಡ್ ಹಾಳೆಯ ತುದಿಯಿಂದ ಒಂದು ಅಡಿ ಕುಯ್ಯಿಸಿ. 4 ಅಡಿ ಉದ್ದ, 1 ಅಡಿ ಅಗಲದ ಹಲಗೆ ಆಯಿತು, ಗೊಂಬೆ ಮೆಟ್ಟಿಲಿನ ಹಾಗೆ. 12 ಮಿಲಿಮೀಟರ್ ದಪ್ಪ ಇರಲಿ, ಅಡಿಗೆ ರೀಪರ್ ಪಟ್ಟಿ ಹೊಡೆಯಿರಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ.

ಅದರ ಮೇಲೆ ಎರಡೇ ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ. ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಕವಲು ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಯಬೇಕು, ಮಿಕ್ಕ ಎರಡರಲ್ಲಿ ಮೂರು ಮೂರು. ಇನ್ನೊಂದು ತುದಿಯ ಒಂಟಿ ಹಳಿಯಲ್ಲಿ ಇಂಜಿನ್ ಜೊತೆ ಮೂರು ವ್ಯಾಗನ್ ಹಿಡಿಯುವಷ್ಟು ಜಾಗ. ನಾಲ್ಕು ಗಾಲಿಯ ವ್ಯಾಗನ್ ಒಟ್ಟು ಎಂಟು. ಶಂಟಿಂಗ್ ಆಟ ಆಡುವವರು ಇದನ್ನು ಇಂಗಲ್‌ನುಕ್ ಅನ್ನುತ್ತಾರೆ. ನಾವು ಮಂಡ್ಯ ಅನ್ನೋಣ: ಒಂದು ಸೈಡಿಂಗ್ ಸಕ್ಕರೆ ಕಾರ್ಖಾನೆಗೆ, ಒಂದು ಅಕ್ಕಿ ಗಿರಣಿಗೆ, ಉದ್ದದ್ದು ಹೊರಡುವ ಗೂಡ್ಸ್ ಗಾಡಿಗೆ. ವ್ಯಾಗನ್ನಿಗೊಂದರಂತೆ ಎಂಟು ಚೀಟಿ ಬರೆದು ಮಗುವಿನ ಕೈಲಿ ಐದು ಎತ್ತಿಸಿ. ಆ ಐದು ವ್ಯಾಗನ್ ಅದೇ ಕ್ರಮದಲ್ಲಿ ಉದ್ದದ ಸೈಡಿಂಗಿನಲ್ಲಿ ನಿಲ್ಲಬೇಕು, ಕೈಯಲ್ಲಿ ಎತ್ತಿಡುವಂತಿಲ್ಲ. ಹೀಗೆ 6,720 ಬಗೆಯ ಗಾಡಿ ಕಟ್ಟಬಹುದು. ಒಂಬತ್ತು ದಿನಕ್ಕೆ ಸಾಲದೇ? ಕೆಲಸ ಕೊಡಿ ಅಂದದ್ದು ಇದಕ್ಕೇ.

ಕೆಡುವುದು ಎಲ್ಲಿ? ಖಾಲಿ ಪ್ಲಾಸ್ಟಿಕ್ ವ್ಯಾಗನ್ ಎಳೆದರೆ ಬರುತ್ತದೆ, ತಳ್ಳಿದರೆ ಹಳಿ ತಪ್ಪುತ್ತದೆ. ಗಾಲಿಯ ಅಚ್ಚಿಗೆ 25 ಗ್ರಾಂ ಲೆಕ್ಕದಲ್ಲಿ ವ್ಯಾಗನ್ನಿಗೆ 50 ಗ್ರಾಂ ತೂಕ ಬರುವ ತನಕ ಒಳಗೆ ಕಬ್ಬಿಣದ ವಾಷರ್ ಅಂಟಿಸಿ, ಮೇಲೆ ಕಬ್ಬಿನ ಜಲ್ಲೆ ಅಂತ ಕಡ್ಡಿ ಜೋಡಿಸಿ. ಎಡಕ್ಕೆ ತಿರುಗಿದ ಕೂಡಲೇ ಬಲಕ್ಕೆ ತಿರುಗುವ ಹಳಿ ಬೇಡ. ನಡುವೆ ಒಂದು ವ್ಯಾಗನ್ ಉದ್ದದ ನೇರ ಹಳಿ ಇರಲಿ. ಕರೆಂಟನ್ನು ಇಂಜಿನ್ ನಿಲ್ಲುವ ಒಂಟಿ ಹಳಿಯ ಕಡೆಯಿಂದಲೇ ಕೊಡಿ. ಸೈಡಿಂಗ್ ಕಡೆಯಿಂದ ಕೊಟ್ಟರೆ ಪಾಯಿಂಟ್ ತಿರುಗಿಸಿದಾಗ ಇಂಜಿನ್ ಸತ್ತು ನಿಲ್ಲುತ್ತದೆ, ನೀವು ಮೋಟಾರು ಕೆಟ್ಟಿತು ಅಂದುಕೊಂಡು ಬಿಚ್ಚುತ್ತೀರಿ. ಬಿಚ್ಚಬೇಡಿ.

ಹಲಗೆಯನ್ನು ನೆಲದ ಮೇಲೂ ಇಡಬೇಡಿ. ರಂಗೋಲಿ ಪುಡಿ, ಕೂದಲು, ಊದುಬತ್ತಿ ಬೂದಿ ಎಲ್ಲ ಗಾಲಿಗೆ ಸುತ್ತುತ್ತವೆ. ದೀಪದ ಎಣ್ಣೆ ಮಸಿ ಹಳಿಗೆ ಕೂತರೆ ಕರೆಂಟ್ ದಾಟುವುದಿಲ್ಲ. ಮಗುವಿನ ಕಣ್ಣಿನ ಮಟ್ಟದ ಮೆಟ್ಟಿಲಿನಲ್ಲಿ, ದೀಪದಿಂದ ದೂರ ಇಡಿ. ಟಿವಿಯವರ ಕ್ಯಾಮೆರಾವೂ ಅದೇ ಮಟ್ಟಕ್ಕೆ ಇಳಿದಿದ್ದರಿಂದಲೇ ಆ ಪುಟ್ಟ ಇಂಜಿನ್ ಅಷ್ಟು ದೊಡ್ಡದಾಗಿ ಕಂಡದ್ದು. ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಹಳೇ ಹತ್ತಿ ಬಟ್ಟೆ. ಒರೆಸುವಾಗ ದೀಪ, ಊದುಬತ್ತಿ ಆರಿರಬೇಕು, ಅದು ಬೆಂಕಿ ಹೊತ್ತುವ ದ್ರಾವಣ. ಉಪ್ಪುಕಾಗದ ಖಂಡಿತ ಬೇಡ, ಗೀರಿನಲ್ಲೇ ಕೊಳೆ ಕೂರುತ್ತದೆ.

ಜಲ್ಲಿಯ ಬದಲು ಮರಳು ಹಾಕುವವರು ಮೊದಲು ಅದರಲ್ಲಿ ಅಯಸ್ಕಾಂತ ಆಡಿಸಿ. ಕಪ್ಪು ಹುಡಿ ಅಂಟಿಕೊಂಡು ಬಂದರೆ ಅದು ಮೋಟಾರಿನ ಒಳಕ್ಕೆ ಹೋಗುವಂಥದ್ದು, ಆ ಮರಳು ತುಳಸಿ ಕುಂಡಕ್ಕೆ. ಶುದ್ಧವಾದದ್ದನ್ನು ಹರಡಿ ಸಮಪಾಲು ನೀರು ಬೆರೆಸಿದ ಫೆವಿಕಾಲ್ ಹನಿಸಿ, ಪಾಯಿಂಟಿನ ಆಡುವ ಹಳಿಗೆ ತಾಗದ ಹಾಗೆ. ರಾತ್ರಿಯಿಡೀ ಒಣಗಲಿ.

ಸಮಯ ಮುಗಿಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಚೀಟಿಯಲ್ಲಿ ಎತ್ತಬೇಕಾದ್ದು ಐದು, ಎಂಟಲ್ಲ. ನಮಸ್ಕಾರ.