ಉಳಿದ 2 ನ್ಯೂಟನ್ ಎಲ್ಲಿ ಹೋಯಿತು?

ಸ್ನೇಹಿತರೇ, ನಮಸ್ಕಾರ. ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇನೆ. ಒಂದಕ್ಕೊಂದು ಲಂಬವಾಗಿರುವ ಎರಡು ಬಲಗಳನ್ನು ಕೂಡಿಸುವುದು. ಪ್ರಥಮ ಪಿಯುಸಿಗೆ ನೀವೆಲ್ಲ ಪ್ರತಿವರ್ಷ ಮಾಡುವ ಪಾಠ. ಬೋರ್ಡಿನ ಮೇಲೆ 3 ಮತ್ತು 4 ನ್ಯೂಟನ್‌ನ (ನ್ಯೂಟನ್ ಅಂದರೆ ಬಲ ಅಳೆಯುವ ಮಾನ) ಎರಡು ಬಾಣ, ಒಂದು ಕರ್ಣ, ಪೈಥಾಗೊರಸ್ ಪ್ರಮೇಯ, ಉತ್ತರ 5. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟು ಬೇಗ ಮುಗಿಸುವುದೇ ತಪ್ಪು ಅಂತ ನನ್ನ ವಾದ. ಮಕ್ಕಳು ಮೊದಲು ತಕ್ಕಡಿ ಹಿಡಿದು ಎಳೆಯಲಿ, ಆಮೇಲೆ ಬರೆಯಲಿ.

ಒಮ್ಮೆ ತರಗತಿಯಲ್ಲಿ ಮೇಜಿನ ಮೇಲೆ ಗ್ರಾಫ್ ಹಾಳೆ ಹಾಸಿ, ಒಂದು ಸಣ್ಣ ಉಂಗುರಕ್ಕೆ ಮೂರು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದೆವು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ತಕ್ಕಡಿಯನ್ನು ಮಲಗಿಸಿದರೆ ಮುಳ್ಳು ಸೊನ್ನೆಯಿಂದ ಸ್ವಲ್ಪ ಜರುಗುತ್ತದೆ. ಕೊಕ್ಕೆಯ ಭಾರ ಆಗ ಸ್ಪ್ರಿಂಗನ್ನು ಎಳೆಯುವುದಿಲ್ಲ ನೋಡಿ. ಅದನ್ನು ಮೊದಲು ಸರಿಮಾಡಿಕೊಳ್ಳಿ. ಒಂದು ತಕ್ಕಡಿಯನ್ನು 3 ನ್ಯೂಟನ್‌ಗೆ ಎಳೆದೆವು, ಅದಕ್ಕೆ ಲಂಬವಾಗಿ ಇನ್ನೊಂದನ್ನು 4ಕ್ಕೆ. ಉಂಗುರ ಅಲುಗಾಡದ ಹಾಗೆ ಮೂರನೆಯದನ್ನು ಎದುರು ದಿಕ್ಕಿಗೆ ಎಳೆದಳು ಒಬ್ಬ ಹುಡುಗಿ. ಓದುವ ಮುಂಚೆ ಎಷ್ಟಿರಬಹುದು ಅಂತ ಕೇಳಿದೆ. ಮುಕ್ಕಾಲು ಕ್ಲಾಸು ಏಳು ಅಂದಿತು. ಮುಳ್ಳು ನಿಂತಿದ್ದು 5ರಲ್ಲಿ.

ಆಗ ಅವಳು ಕೇಳಿದಳು: "ಸಾರ್, ಹಾಗಾದ್ರೆ ಉಳಿದ 2 ನ್ಯೂಟನ್ ಎಲ್ಲಿ ಹೋಯ್ತು?"

ಎಲ್ಲರೂ ನಕ್ಕರು. ಆದರೆ ಇಡೀ ಅಧ್ಯಾಯ ಆ ಪ್ರಶ್ನೆಯೊಳಗೇ ಇದೆ! ಬೋರ್ಡಿನಲ್ಲಿ ಸುಮ್ನೆ ಸೂತ್ರ ಬರೆದಿದ್ದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ. 3 ಕಿಲೋ ಅಕ್ಕಿಗೆ 4 ಕಿಲೋ ಸೇರಿಸಿದರೆ 7 ಆಗಲೇಬೇಕು, ಬಲ ಯಾಕೆ ಹಾಗಲ್ಲ? ಅವಳ ಅನುಮಾನ ನ್ಯಾಯವಾದದ್ದೇ.

ಲೆಕ್ಕ ಹಾಕೋಣ. ಎರಡೂ ಸೇರಿ ಎಳೆಯುವ ದಿಕ್ಕು 3, 4, 5 ಬಾಹುಗಳ ತ್ರಿಕೋನದ ಕರ್ಣದ ದಿಕ್ಕು. ಆ ದಿಕ್ಕಿಗೆ 3 ನ್ಯೂಟನ್ ಕೊಡುವ ಪಾಲು ಅದರ ಐದರಲ್ಲಿ ಮೂರು ಭಾಗ, ಅಂದರೆ 1.8. 4 ನ್ಯೂಟನ್ ಕೊಡುವುದು ಐದರಲ್ಲಿ ನಾಲ್ಕು ಭಾಗ, 3.2. ಕೂಡಿಸಿ, ಸರಿಯಾಗಿ 5. ಇನ್ನು ಅಡ್ಡ ದಿಕ್ಕಿನ ಪಾಲು? ಮೊದಲನೆಯದರದು 2.4, ಎರಡನೆಯದರದೂ 2.4. ಒಂದು ಆ ಕಡೆಗೆ, ಇನ್ನೊಂದು ಈ ಕಡೆಗೆ. ಎರಡೂ ಒಂದನ್ನೊಂದು ತಡೆದು ನಿಂತಿವೆ. ಬಲ ಎಲ್ಲೂ ಕಳೆದುಹೋಗಿಲ್ಲ. ತಕ್ಕಡಿಗಳು ಈಗಲೂ 3 ಮತ್ತು 4 ಅಂತಲೇ ತೋರಿಸುತ್ತಿವೆ, ಅಲ್ವಾ?

ಇನ್ನೂ ಒಂದು ಇದೆ. 1.8 ಅಂದರೆ 9 ಭಾಗಿಸು 5. 3.2 ಅಂದರೆ 16 ಭಾಗಿಸು 5. ಒಂಬತ್ತು, ಹದಿನಾರು! 3ರ ಮತ್ತು 4ರ ವರ್ಗಗಳು ತಾವಾಗಿಯೇ ಬಂದವು. ಪೈಥಾಗೊರಸ್ ಪ್ರಮೇಯವನ್ನು ನಾವು ಹೊರಗಿನಿಂದ ತಂದು ಹೇರಬೇಕಾಗಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಎಳೆಯಲಿ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಬೇಗ ಬೇಗ ಹೇಳುತ್ತೇನೆ. ದಿಕ್ಕಿನ ಬಗ್ಗೆ: ಬರೀ 5 ನ್ಯೂಟನ್ ಅಂತ ಬರೆದರೆ ಅದು ಅರ್ಧ ಉತ್ತರ. 3 ನ್ಯೂಟನ್ ಬಲದಿಂದ ಸುಮಾರು 53 ಡಿಗ್ರಿ ಅಂತಲೂ ಬರೆಯಬೇಕು. ಕೋನಮಾಪಕ ಇಟ್ಟು ಅಳೆಸಿ. ಆಮೇಲೆ ಕೋನ ಬದಲಿಸಿ ತೋರಿಸಿ. ಒಂದೇ ದಿಕ್ಕಿಗೆ ಎಳೆದರೆ 7, ಎದುರುಬದುರು ಎಳೆದರೆ 1, ಉಳಿದದ್ದೆಲ್ಲ ಇವೆರಡರ ನಡುವೆ.

ಗಣಿತಜ್ಞ ಸೈಮನ್ ಸ್ಟೆವಿನ್ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ವಿಜ್ಞಾನಿ ನ್ಯೂಟನ್ನನ 'ಪ್ರಿನ್ಸಿಪಿಯಾ' ಗ್ರಂಥಕ್ಕಿಂತ ನೂರು ವರ್ಷ ಮೊದಲು, 1586ರಲ್ಲಿ, ಇಳಿಜಾರಿಗೆ 14 ಗುಂಡುಗಳ ಸರ ಹಾಕಿದಂತೆ ಕಲ್ಪಿಸಿಕೊಂಡು ಅಲ್ಲಿನ ಬಲಗಳ ಬಗ್ಗೆ ಯೋಚಿಸಿದವನು. ಅದನ್ನು ಲ್ಯಾಟಿನ್‌ನಲ್ಲಿ ಬರೆಯದೆ ತನ್ನ ಜನರ ಡಚ್ ಭಾಷೆಯಲ್ಲೇ ಬರೆದ. ಕನ್ನಡದಲ್ಲಿ ಭೌತಶಾಸ್ತ್ರ ಹೇಳುವ ನಮಗೆ ಅವನು ಬೇಕಾದವನು. ಮಧ್ಯಾಹ್ನ ಇಳಿಜಾರಿನ ಪಾಠವನ್ನು ಅವನಿಂದಲೇ ಶುರುಮಾಡೋಣ.

ಹೊರಗಿನ ಮೇಜಿನ ಮೇಲೆ ತಕ್ಕಡಿಗಳಿವೆ. ಟೀ ಕುಡಿದು ಬನ್ನಿ, ಈ ಸಲ 6 ಮತ್ತು 8 ಎಳೆಯೋಣ. ಮೂರನೆಯದಕ್ಕೆ 10 ನ್ಯೂಟನ್‌ಗಿಂತ ಹೆಚ್ಚು ಅಳತೆಯಿರುವ ತಕ್ಕಡಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಮುಳ್ಳು ಕೊನೆಗೆ ಹೋಗಿ ತಗುಲುತ್ತದೆ.