ಚಿಂಪಾಂಜಿಗಳ ಚಳಿಗಾಲ

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಪ್ರಯೋಗಾಲಯಗಳ ಕಥೆ, ಕಾನೂನು ಹೋರಾಟ ಎಲ್ಲವನ್ನೂ ಹೇಳಿ ಮುಗಿಸಿದ್ದಾರೆ. ಅಮೆರಿಕ 2015ರಲ್ಲಿ ಪಂಜರದ ಚಿಂಪಾಂಜಿಗಳನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು, ಆಮೇಲೆ ಅವುಗಳನ್ನು ಎಲ್ಲಿಡಬೇಕು ಅಂತ ತಲೆ ಕೆರೆದುಕೊಂಡದ್ದು ನಿಮಗೆ ಗೊತ್ತೇ ಇದೆ. ನನ್ನ ಪಾಲಿಗೆ ಉಳಿದಿರುವುದು ಚಳಿಗಾಲ, ಅಂದರೆ ಪ್ರಯೋಗಾಲಯಗಳಿಂದ ಬಿಡುಗಡೆಯಾದ ಚಿಂಪಾಂಜಿಗಳು ಹಿಮ ಬೀಳುವ ಊರುಗಳ ಆಶ್ರಯಧಾಮಗಳಲ್ಲಿ ಚಳಿಗಾಲ ಕಳೆಯುವ ಬಗೆ. ಸಂಘಟಕರು ಇಪ್ಪತ್ತೈದು ನಿಮಿಷ ಕೊಟ್ಟಿದ್ದಾರೆ. ಅಧ್ಯಕ್ಷರು ಈಗಾಗಲೇ ಗಡಿಯಾರ ನೋಡುತ್ತಿದ್ದಾರೆ.

ಈಗಷ್ಟೇ ಒಂದು ವಿಡಿಯೊ ತೋರಿಸಿದರು. ಹಿಮದ ಮೇಲೆ ಚಿಂಪಾಂಜಿಯೊಂದು ಕೈಗಳನ್ನು ಎದೆಗೆ ಅವಚಿಕೊಂಡು ಎರಡೇ ಕಾಲಲ್ಲಿ ನಡೆಯುತ್ತದೆ. ಸಭೆಯಲ್ಲಿ ಅರ್ಧ ಜನ ನಕ್ಕಿರಿ, ಅರ್ಧ ಜನ ‘ಅಯ್ಯೋ ಪಾಪ’ ಅಂದಿರಿ. ಅದು ಸರ್ಕಸ್ಸೂ ಅಲ್ಲ, ಶಿಕ್ಷೆಯೂ ಅಲ್ಲ. ಚಿಂಪಾಂಜಿ ನಡೆಯುವುದು ಬೆರಳಿನ ಗೆಣ್ಣುಗಳನ್ನು ನೆಲಕ್ಕೂರಿ. ಅಲ್ಲಿ ಕೂದಲಿಲ್ಲ. ಹಿಮ ತಣ್ಣಗೆ ಕಚ್ಚುತ್ತದೆ, ಕೈ ಎತ್ತಿಕೊಳ್ಳುತ್ತದೆ, ಅಷ್ಟೇ. ನನಗೆ ಮುಖ್ಯವಾಗಿ ಕಂಡದ್ದು ಅದರ ಬೆನ್ನ ಹಿಂದಿನ ಬಾಗಿಲು. ಅದು ತೆರೆದಿತ್ತು. ಆ ಪ್ರಾಣಿ ತಾನಾಗಿ ಹೊರಗೆ ಬಂದಿತ್ತು, ಬೇಕಾದಾಗ ಒಳಗೆ ಹೋಗಬಹುದಿತ್ತು. ಈ ಬಾಗಿಲಿನ ವಿಷಯಕ್ಕೆ ನಾನು ಮತ್ತೆ ಮತ್ತೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ದೇಹದ ಮಾತು ಬೇಗ ಮುಗಿಸುತ್ತೇನೆ. ಬಿಸಿನೀರಿನ ಬುಗ್ಗೆಯಲ್ಲಿ ಕೂತ ಜಪಾನಿನ ಹಿಮಕೋತಿಗಳ ಫೋಟೊ ನೋಡಿ ಚಿಂಪಾಂಜಿಯೂ ಹಾಗೇ ಅಂದುಕೊಳ್ಳುವವರಿದ್ದಾರೆ. ಆ ಕೋತಿಗೆ ದಟ್ಟವಾದ ತುಪ್ಪಳವಿದೆ. ಚಿಂಪಾಂಜಿಯ ಮೈಮೇಲಿರುವುದು ಒರಟು, ವಿರಳ ಕೂದಲು, ಅದರಡಿ ಮೆತ್ತನೆಯ ಪದರವಿಲ್ಲ. ಕಿವಿ, ಮುಖ, ಅಂಗೈ, ಅಂಗಾಲು ಬರಿದು. ಹಾಗಂತ ಚಳಿಯೇ ಗೊತ್ತಿಲ್ಲದ ಜೀವಿಯೂ ಅಲ್ಲ. ಆಫ್ರಿಕಾದ ಬೆಟ್ಟದ ಕಾಡುಗಳಲ್ಲಿ ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲೂ ಅವು ಬದುಕುತ್ತವೆ, ಅಲ್ಲಿನ ರಾತ್ರಿಗಳು ನಡುಗಿಸುತ್ತವೆ. ಆದರೆ ತಿಂಗಳುಗಟ್ಟಲೆ ಹಿಮ ಅವುಗಳ ಅನುಭವದಲ್ಲಿಲ್ಲ.

ಹಾಗಿದ್ದರೆ ಆಫ್ರಿಕಾಕ್ಕೇ ಕಳಿಸಬಾರದೇ? ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ, ಮೂರನೇ ಸಾಲಿನಲ್ಲಿ ಒಬ್ಬರ ಕೈ ಈಗಲೇ ಅರ್ಧ ಮೇಲೆದ್ದಿದೆ. ಕೆನಡಾದ ಕ್ವಿಬೆಕ್‌ನಲ್ಲಿ ಫೌನಾ ಫೌಂಡೇಶನ್ ಎಂಬ ಆಶ್ರಯಧಾಮವಿದೆ. ನ್ಯೂಯಾರ್ಕಿನ ಪ್ರಯೋಗಾಲಯವೊಂದರಿಂದ 1997ರಲ್ಲಿ ಅಲ್ಲಿಗೆ ಬಂದ ಚಿಂಪಾಂಜಿಗಳಲ್ಲಿ ಕೆಲವಕ್ಕೆ ಎಚ್‌ಐವಿ ಚುಚ್ಚಲಾಗಿತ್ತು. ಐದಡಿ ಉದ್ದ, ಐದಡಿ ಅಗಲ, ಏಳಡಿ ಎತ್ತರದ, ನೆಲಕ್ಕೆ ತಾಗದ ತೂಗುಪಂಜರದಲ್ಲಿ ವರ್ಷಗಟ್ಟಲೆ ಕಳೆದ ಪ್ರಾಣಿ ಯಾವ ಕಾಡಿನಲ್ಲಿ ಹಣ್ಣು ಹುಡುಕೀತು? ಅಲ್ಲಿನ ಕಾಡು ಚಿಂಪಾಂಜಿಗಳು ಇದನ್ನು ಸೇರಿಸಿಕೊಂಡಾವೇ? ಹೊಸ ಗಂಡನ್ನು ಕೊಂದೇ ಹಾಕಬಹುದು. ಹೀಗಾಗಿ ಕ್ವಿಬೆಕ್‌ನ ಚಳಿಯೇ ಇವುಗಳ ಪಾಲು. ಕೈ ಕೆಳಗಿಳಿಯಿತು, ಧನ್ಯವಾದ.

ನನಗೆ ಇಷ್ಟವಾದ ಜಾಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಲೆ ಎಲಂ ಊರಿನ ಆಶ್ರಯಧಾಮ. ಸಿಯಾಟಲ್‌ನಿಂದ ಪೂರ್ವಕ್ಕೆ, ಕ್ಯಾಸ್ಕೇಡ್ ಪರ್ವತ ದಾಟಿದರೆ ಸಿಗುತ್ತದೆ, ಅಲ್ಲಿ ಹಿಮ ಚೆನ್ನಾಗಿಯೇ ಬೀಳುತ್ತದೆ. 2008ರ ಜೂನ್‌ನಲ್ಲಿ ಏಳು ಚಿಂಪಾಂಜಿಗಳು ಬಂದವು, ಪೆನ್ಸಿಲ್ವೇನಿಯಾದ ಕಿಟಕಿಯಿಲ್ಲದ ಒಂದು ನೆಲಮಾಳಿಗೆಯಿಂದ. ಅವುಗಳಲ್ಲಿ ಜೇಮಿ ಎಂಬವಳಿಗೆ ಬೂಟಿನ ಹುಚ್ಚು. ಯಾವ ಬೂಟು ಎಂದು ಅವಳೇ ಆರಿಸುತ್ತಾಳೆ. ನೋಡಿಕೊಳ್ಳುವವರು ಅದನ್ನು ಹಾಕಿಕೊಂಡು ಬೇಲಿಯ ಆಚೆ ಬದಿಯಲ್ಲಿ ನಡೆಯಬೇಕು, ಈಚೆ ಬದಿಯಲ್ಲಿ ಅವಳು ಗುಡ್ಡ ಸುತ್ತುತ್ತಾಳೆ. ಹಿಮ ಬಿದ್ದರೂ ಸುತ್ತು ತಪ್ಪಿಸುವ ಪೈಕಿ ಅಲ್ಲ. ಸಂಬಳ ಕೊಡುವವರು ಒಬ್ಬರು, ಕೆಲಸ ತೆಗೆಯುವವಳು ಇನ್ನೊಬ್ಬಳು!

ನೀಗ್ರಾ ಎಂಬವಳದ್ದು ಇದಕ್ಕೆ ತದ್ವಿರುದ್ಧ. ಮರಿಯಾಗಿದ್ದಾಗ ಆಫ್ರಿಕಾದ ಕಾಡಿನಿಂದ ಹಿಡಿದು ತಂದವಳು ಅವಳು. ಅವಳಿಗೆ ಪ್ರೀತಿಯಿದ್ದದ್ದು ಕಂಬಳಿಯ ಮೇಲೆ. ರಾಶಿ ಕಂಬಳಿ ಎಳೆದು ಸುತ್ತಲೂ ಅಂಚು ಕಟ್ಟಿ, ನಡುವೆ ಕೂತು, ಒಂದನ್ನು ತಲೆ ಮೇಲೆ ಹೊದ್ದುಕೊಂಡರೆ ಮುಖವಷ್ಟೇ ಕಾಣುತ್ತಿತ್ತು. ಕಾಡಿನಲ್ಲಿ ಚಿಂಪಾಂಜಿ ಪ್ರತಿ ಸಂಜೆ ಕೊಂಬೆ ಬಗ್ಗಿಸಿ ಎಲೆ ಹಾಸಿ ಹೊಸ ಗೂಡು ಕಟ್ಟುತ್ತದೆ. ಅಮ್ಮನನ್ನು ನೋಡಿ ಕಲಿಯುವ ವಿದ್ಯೆ ಅದು. ಕಂಬಳಿಯಲ್ಲೂ ಅದೇ ಕೈಚಳಕ ನಡೆಯುತ್ತದೆ. ಆಶ್ರಯಧಾಮದಲ್ಲಿ ಚಳಿಗಾಲ ಎಂದರೆ ಅರ್ಧ ಪಾಲು ಬಟ್ಟೆ ಒಗೆಯುವ ಕೆಲಸ ಎಂಬುದನ್ನು ಯಾವ ವಿಡಿಯೊದಲ್ಲೂ ತೋರಿಸುವುದಿಲ್ಲ. ಈಗ ಹೇಳಿ, ಹಿಮದಲ್ಲಿ ಸುತ್ತುವ ಜೇಮಿ ಸುಖಿಯೋ, ಕಂಬಳಿಯೊಳಗಿನ ನೀಗ್ರಾ ಸುಖಿಯೋ? ಅವರವರೇ ಆರಿಸಿಕೊಂಡದ್ದಾದರೆ ನಮ್ಮ ತೀರ್ಪು ಯಾರಿಗೆ ಬೇಕು? ಬಾಗಿಲು ಅಂದೆನಲ್ಲ, ಅದೇ ಇದು.

ಆದರೆ ಬಾಗಿಲು ಮುಚ್ಚಲೇಬೇಕಾದ ದಿನಗಳೂ ಇರುತ್ತವೆ. ಕಿವಿ, ಬೆರಳು ಮರಗಟ್ಟುವಷ್ಟು ಶೀತವಿದ್ದರೆ ಬಿಡುವಂತಿಲ್ಲ. ಆಗ ಎಲ್ಲವೂ ಒಂದೇ ಸೂರಿನಡಿ. ಜಗಳವಾದರೆ? ಇಲ್ಲಿ ನೆದರ್ಲೆಂಡ್ಸ್‌ನ ಆರ್ನೆಮ್ ಮೃಗಾಲಯದ ಕಥೆ ಹೇಳಲೇಬೇಕು. ಅದು ಆಶ್ರಯಧಾಮವಲ್ಲ, ಗೊತ್ತು. ಆದರೆ ಚಳಿಗಾಲದ ಚಿಂಪಾಂಜಿ ರಾಜಕೀಯ ಅಷ್ಟು ಚೆನ್ನಾಗಿ ದಾಖಲಾದ ಜಾಗ ಇನ್ನೊಂದಿಲ್ಲ. ಬೇಸಿಗೆಯಲ್ಲಿ ದೊಡ್ಡ ದ್ವೀಪ, ಚಳಿಗಾಲದ ತಿಂಗಳುಗಳಲ್ಲಿ ಒಂದು ಹಾಲ್. ಜಾಗ ಹೆಚ್ಚುಕಡಿಮೆ ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯುತ್ತಿತ್ತು. ಇಲಿಗಳನ್ನು ಕಿಕ್ಕಿರಿದು ತುಂಬಿದರೆ ಒಂದನ್ನೊಂದು ಕಚ್ಚಿ ಸಾಯುತ್ತವೆ ಎಂದು 1962ರಲ್ಲಿ ಅಮೆರಿಕದ ವಿಜ್ಞಾನಿ ಕ್ಯಾಲ್ಹೂನ್ ಬರೆದಿದ್ದರು, ಆಗಿನವರೆಲ್ಲ ಅದನ್ನೇ ನಂಬಿದ್ದರು. ಆರ್ನೆಮ್‌ನಲ್ಲಿ ಲೆಕ್ಕ ಹಾಕಿದಾಗ ಜಗಳ ಹೆಚ್ಚಿದ್ದು ನಿಜ, ಎರಡು ಪಟ್ಟೂ ಆಗಿರಲಿಲ್ಲ. ಬದಲಿಗೆ ಒಬ್ಬರ ಮೈಕೂದಲು ಒಬ್ಬರು ಹೆಕ್ಕಿ ಶುಚಿ ಮಾಡುವುದು ಹೆಚ್ಚಿತ್ತು, ದೊಡ್ಡವರಿಗೆ ತಲೆಬಾಗಿ ‘ಹೂಂ ಹೂಂ’ ಎನ್ನುವ ನಮಸ್ಕಾರ ಹೆಚ್ಚಿತ್ತು. ಇಕ್ಕಟ್ಟಿನ ವಠಾರದಲ್ಲಿ ಮಾತು ಮೆತ್ತಗಾಗುತ್ತದಲ್ಲ, ಹಾಗೆ.

ಇನ್ನೊಂದು ಘಟನೆ ಅದೇ ಹಾಲ್‌ನದು, 1975ರ ಚಳಿಗಾಲ. ಗಂಡೊಂದು ಹೆಣ್ಣೊಂದರ ಮೇಲೆ ಎರಗಿತು, ಮಿಕ್ಕವು ಅವಳ ಪರವಾಗಿ ನುಗ್ಗಿದವು, ಕಿರುಚಾಟ, ಓಟ. ಆಮೇಲೆ ಒಂದಿಷ್ಟು ಹೊತ್ತು ಸದ್ದೇ ಇಲ್ಲ. ಇದ್ದಕ್ಕಿದ್ದಂತೆ ಇಡೀ ಗುಂಪು ಕೂಗೆಬ್ಬಿಸಿತು, ಒಂದು ಗಂಡು ಲೋಹದ ಡ್ರಮ್‌ಗಳನ್ನು ಬಡಿಯತೊಡಗಿತು, ಆ ಗದ್ದಲದ ನಡುವೆ ಎರಡು ಚಿಂಪಾಂಜಿಗಳು ಅಪ್ಪಿಕೊಂಡು ಮುತ್ತಿಟ್ಟವು. ನೋಡುತ್ತಿದ್ದ ಯುವ ವಿಜ್ಞಾನಿ ಫ್ರಾನ್ಸ್ ಡಿ ವಾಲ್‌ಗೆ ಅದೇನೆಂದು ಕೂಡಲೇ ಹೊಳೆಯಲಿಲ್ಲ. ಆಮೇಲೆ ಯೋಚಿಸಿದಾಗ ತಿಳಿಯಿತು, ಆ ಎರಡು ಮೊದಲು ಜಗಳವಾಡಿದ ಜೋಡಿಯೇ! ಪ್ರಾಣಿಗಳ ರಾಜಿಯ ಅಧ್ಯಯನ ಶುರುವಾದದ್ದು ಅಲ್ಲಿಂದ. ವಸಂತದಲ್ಲಿ ಹಾಲ್‌ನ ಬಾಗಿಲು ತೆರೆದ ದಿನ ಅವು ಕಿರುಚುತ್ತ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದವಂತೆ. ಬಾಗಿಲಿನ ಬೆಲೆ ಅವಕ್ಕೆ ಗೊತ್ತಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

ಅಂದರೆ ಒಳಗಿನ ಮನೆಯಲ್ಲೂ ಬಾಗಿಲುಗಳು ಬೇಕು. ಒಂದು ದೊಡ್ಡ ಕೋಣೆ ಸಾಲದು. ಸಿಟ್ಟಾದವರಿಂದ ತಪ್ಪಿಸಿಕೊಳ್ಳಲು ಪ್ರತಿ ಕೋಣೆಗೂ ಎರಡು ದಾರಿ, ಹತ್ತಿ ಕೂರಲು ಎತ್ತರದ ಜಾಗ, ಬೇರೆಯವರ ಕಣ್ಣಿಗೆ ಬೀಳದ ಮೂಲೆ. ಬೇಸರ ಕಳೆಯಲು ಕೊಳವೆಯೊಳಗೆ ಕಾಯಿ ತುಂಬಿ ಕಡ್ಡಿ ಕೊಡುತ್ತಾರೆ, ಬುಟ್ಟಿಯಲ್ಲಿ ಹಿಮವನ್ನೇ ಒಳಗೆ ತಂದು ಸುರಿಯುತ್ತಾರೆ. ಹೊರಗೆ ಕಾಲಿಡದವರೂ ಅದನ್ನು ಹಿಡಿಹಿಡಿಯಾಗಿ ತಿನ್ನುತ್ತಾರೆ.

ಚೀಟಿ ಬಂತು. ಐದು ನಿಮಿಷ ಅಂತ ಬರೆದು ಐದನ್ನು ಹೊಡೆದು ಎರಡು ಮಾಡಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ. ಬಿಸಿಲು ಕಡಿಮೆ, ಆದ್ದರಿಂದ ವಿಟಮಿನ್ ಡಿ ನೋಡಿಕೊಳ್ಳಬೇಕು. ಓಡಾಟ ಕಡಿಮೆ, ತೂಕ ಏರುತ್ತದೆ, ಸೆರೆಯಲ್ಲಿರುವ ಚಿಂಪಾಂಜಿಗಳಿಗೆ ಹೃದ್ರೋಗ ಮೊದಲೇ ದೊಡ್ಡ ಶತ್ರು. ವಿದ್ಯುತ್ ಬೇಲಿಯ ತಂತಿ ಹಿಮದಲ್ಲಿ ಹೂತರೆ ಕರೆಂಟು ನೆಲಕ್ಕೆ ಸೋರುತ್ತದೆ, ಒಣಹಿಮದ ಮೇಲೆ ನಿಂತ ಪ್ರಾಣಿಗೆ ಶಾಕ್ ಸರಿಯಾಗಿ ತಾಗುವುದಿಲ್ಲ. ಹಾಗಾಗಿ ಗುಡ್ಡದ ಬಾಗಿಲು ತೆರೆಯುವ ಮೊದಲು ಯಾರೋ ಸಲಿಕೆ ಹಿಡಿದು ಬೇಲಿಯುದ್ದಕ್ಕೂ ಹಿಮ ಎತ್ತಿಹಾಕಬೇಕು.

ಕೊನೆಯದು ನೆಗಡಿ. ನಮ್ಮ ನೆಗಡಿ ಚಿಂಪಾಂಜಿಗೆ ಹತ್ತುತ್ತದೆ, ಅದರ ಎದೆಗಿಳಿದರೆ ಪ್ರಾಣಕ್ಕೇ ಬರುತ್ತದೆ. ಕಾಡಿನಲ್ಲೂ ಮನುಷ್ಯರಿಂದ ಬಂದ ಉಸಿರಾಟದ ಸೋಂಕಿಗೆ ಚಿಂಪಾಂಜಿಗಳು ಸತ್ತಿವೆ. ಕೆಮ್ಮಿದ ಸಿಬ್ಬಂದಿ ಮನೆಯಲ್ಲಿರಬೇಕು, ಉಳಿದವರು ಮಾಸ್ಕ್ ಹಾಕಬೇಕು. ಹಿಮ ಎತ್ತಲು, ಕಂಬಳಿ ಒಗೆಯಲು, ಬೂಟು ಹಾಕಿ ಸುತ್ತು ಹೊಡೆಯಲು ಜನ ಹೆಚ್ಚು ಬೇಕಾದ ಕಾಲದಲ್ಲೇ ಕೆಲಸಕ್ಕೆ ಜನ ಕಡಿಮೆ. ದೇಣಿಗೆ ಕೊಡುವವರು ಹೊಸ ಆಟಿಕೆ ಬೇಡ ಎಂದರೂ ಕಳಿಸುತ್ತಾರೆ, ಕೊಡುವುದಿದ್ದರೆ ಚಳಿಗಾಲದ ಆಳಿನ ಸಂಬಳಕ್ಕೆ ಕೊಡಿ. ಗಂಟೆ ಬಾರಿಸಿದರು. ನಮಸ್ಕಾರ.