ಅವರಿಗೆ ಮುಖ ಕಾಣಬಾರದು, ನಮಗೆ ಮೆಟ್ಟಿಲು ಕಾಣಬೇಕು: ಸೂಪರ್‌ಹೀರೋ ಹೆಲ್ಮೆಟ್ ಮಾಡೋಣ

[ತೆರೆಯ ಮೇಲೆ: ಕಪ್ಪು ವೈಸರ್‌ನ ಹೆಲ್ಮೆಟ್. ವೈಸರ್‌ನಲ್ಲಿ ನಮ್ಮ ಮನೆ ಟ್ಯೂಬ್‌ಲೈಟ್ ಹೊಳೆಯುತ್ತಿದೆ.]

ಈ ಹೆಲ್ಮೆಟ್ ಒಳಗೆ ನನ್ನ ಅಕ್ಕನ ಮಗ ಇದ್ದಾನೆ. ನಾಲಿಗೆ ಚಾಚಿ ನನ್ನನ್ನು ಅಣಕಿಸುತ್ತಿದ್ದಾನಂತೆ. ಅವನೇ ಹೇಳಿದ್ದು. ನನಗಂತೂ ಏನೂ ಕಾಣುತ್ತಿಲ್ಲ.

ಫ್ಯಾನ್ಸಿ ಡ್ರೆಸ್‌ಗೆ ಸೂಪರ್‌ಹೀರೋ ಹೆಲ್ಮೆಟ್ಟೇ ಬೇಕು ಅಂತ ಹಟ ಹಿಡಿದವನು ಇವನು. ಆಗ ಒಂದು ಪ್ರಶ್ನೆ ಕೇಳಿದ. "ಮಾಮಾ, ಅವರ ಮುಖ ನಮಗೆ ಕಾಣಲ್ಲ. ಹಂಗಾದ್ರೆ ನಾವು ಅವರಿಗೆ ಹೆಂಗೆ ಕಾಣ್ತೀವಿ?" "ಅದು ಸ್ಪೆಷಲ್ ಗ್ಲಾಸು ಕಣೋ" ಅಂದು ಜಾರಿಕೊಂಡೆ. ಮಾಡಲು ಕೂತಾಗ ಗೊತ್ತಾಯಿತು, ಸ್ಪೆಷಲ್ ಗ್ಲಾಸು ಗೀಸು ಏನೂ ಇಲ್ಲ.

ಮೊದಲು ಹೆಲ್ಮೆಟ್ಟಿನ ಮೈ. ಇದನ್ನು ಬೇಗ ಮುಗಿಸುತ್ತೇನೆ, ಯಾಕಂದ್ರೆ ನನ್ನ ಜೀವವೆಲ್ಲಾ ವೈಸರ್ ಮೇಲಿದೆ, ಅಂದರೆ ಮುಖದ ಮುಂದಿನ ಆ ಕಪ್ಪು ಪರದೆ ಮೇಲೆ.

ಬೇಕಾದ್ದು ಇವಿಎ ಫೋಮ್. ಹೆಸರು ದೊಡ್ಡದು, ವಸ್ತು ಗೊತ್ತಿರೋದೇ. ಚಪ್ಪಲಿ ಅಟ್ಟೆ, ಮಕ್ಕಳು ಆಡುವ ಪಝಲ್ ಮ್ಯಾಟ್, ಎಲ್ಲಾ ಇದೇ. ಹೆಲ್ಮೆಟ್ಟಿನ ಬುರುಡೆಗೆ 10 ಮಿಲಿಮೀಟರ್ ದಪ್ಪದ್ದು, ಮೇಲಿನ ಅಲಂಕಾರಕ್ಕೆ 5 ಮಿಲಿಮೀಟರ್‌ದು. ತಲೆಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ. ಮೂಗು, ಬಾಯಿ ಪೂರ್ತಿ ಬಿಟ್ಟು, ದಯವಿಟ್ಟು! ಒಬ್ಬರೇ ಮಾಡಬೇಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಟೇಪ್ ಮೇಲೆ ನಡುಗೆರೆ ಎಳೆದು, ಹುಷಾರಾಗಿ ಕತ್ತರಿಸಿ ತೆಗೆದು, ತುಂಡು ಮಾಡಿ ಚಪ್ಪಟೆ ಹರಡಿದರೆ ಅದೇ ನಿಮ್ಮ ಅಳತೆ. ಟೈಲರ್ ಕಾಗದದ ಮೇಲೆ ಅಂಗಿ ಕತ್ತರಿಸಿದ ಹಾಗೆ.

ಇಲ್ಲೊಂದು ಹಳ್ಳ ಇದೆ, ನಾನು ಬಿದ್ದಿದ್ದೇನೆ. ತಲೆ ಅಳತೆಯನ್ನು ಹಾಗೇ ಫೋಮ್ ಮೇಲೆ ಬರೆದು ಕತ್ತರಿಸಿದರೆ ಹೆಲ್ಮೆಟ್ ತಲೆಗೆ ಇಳಿಯಲ್ಲ. ನನ್ನ ಮೊದಲನೇದು ಕಿವಿ ಮೇಲೆ ಬುಟ್ಟಿ ಇಟ್ಟ ಹಾಗೆ ಕೂತಿತ್ತು. ದಪ್ಪ ಫೋಮ್ ಬಗ್ಗಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. 10 ಮಿಲಿಮೀಟರ್ ಫೋಮ್ ಆದರೆ ಸುತ್ತಳತೆಗೆ 3 ಸೆಂಟಿಮೀಟರ್‌ನಷ್ಟು ಜಾಸ್ತಿ ಬಿಡಬೇಕು. ಒಳಗೆ ಮೆತ್ತೆಗೆ ಜಾಗ ಬೇರೆ. ಯಕ್ಷಗಾನದವರು ಕಿರೀಟ ಇಡುವ ಮೊದಲು ತಲೆಗೆ ಬಟ್ಟೆ ಬಿಗಿಯುತ್ತಾರಲ್ವಾ? ಇಲ್ಲೂ ಅದೇ ಕಥೆ. ಸಡಿಲ ಇದ್ದರೆ ಮೆತ್ತೆ ತುಂಬಬಹುದು, ಬಿಗಿ ಇದ್ದರೆ ಅಳಬಹುದು.

ಅಂಟಿಗೆ ಫೆವಿಕಾಲ್ ಎಸ್‌ಆರ್. ಚಪ್ಪಲಿ ಹೊಲಿಯುವವರ ಹತ್ತಿರ ಇರುವಂಥ ಹಳದಿ ಗಮ್. ಎರಡೂ ಅಂಚಿಗೆ ಹಚ್ಚಿ ಸುಮ್ನೆ ಕೂತುಕೊಳ್ಳಿ. ಹತ್ತು ನಿಮಿಷ ಬಿಟ್ಟು ಬೆರಳಿಟ್ಟು ನೋಡಿ, ಬೆರಳಿಗೆ ಮೆತ್ತಬಾರದು. ಆಗ ಸೇರಿಸಿ ಒತ್ತಿ. ಒಂದೇ ಅವಕಾಶ, ಅಂಟಿದರೆ ಅಂಟಿತು. ಕಿಟಕಿ ತೆರೆದಿರಲಿ. ಥರ್ಮಾಕೋಲ್‌ಗೆ ಮಾತ್ರ ಇದನ್ನು ಹಚ್ಚಬೇಡಿ, ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ.

[ತೆರೆಯ ಮೇಲೆ: ರಾತ್ರಿ, ದೀಪ ಹಾಕಿದ ಕೋಣೆ, ಕಿಟಕಿ ಗಾಜು.]

ಈಗ ಬನ್ನಿ ನನ್ನ ಅಡ್ಡಾಕ್ಕೆ.

ರಾತ್ರಿ ಲೈಟ್ ಹಾಕಿಕೊಂಡು ಕಿಟಕಿ ನೋಡಿ. ಏನು ಕಾಣುತ್ತದೆ? ನಿಮ್ಮದೇ ಮುಖ. ಈಗ ಲೈಟ್ ಆರಿಸಿ. ತಕ್ಷಣ ಬೀದಿ ಕಾಣುತ್ತದೆ, ಎದುರುಮನೆ ಬಾಲ್ಕನಿ ಕಾಣುತ್ತದೆ, ಅಲ್ಲಿ ನಿಂತ ಆಂಟಿ ಕಾಣುತ್ತಾರೆ. ಗಾಜು ಬದಲಾಯಿತಾ? ಇಲ್ಲ. ಬೆಳಕು ಯಾವ ಕಡೆ ಜಾಸ್ತಿ ಅನ್ನೋದು ಬದಲಾಯಿತು, ಅಷ್ಟೇ.

ವೈಸರ್‌ಗೆ ಕಾರಿನ ಗಾಜಿಗೆ ಅಂಟಿಸುವ ಟಿಂಟ್ ಫಿಲ್ಮ್ ಬಳಸುತ್ತೇವೆ. ಅದಕ್ಕೊಂದು ಸಂಖ್ಯೆ ಇರುತ್ತದೆ. 20 ಅಂದರೆ ನೂರರಲ್ಲಿ 20 ಪಾಲು ಬೆಳಕನ್ನು ಒಳಗೆ ಬಿಡುತ್ತದೆ ಅಂತ. ಸಂಖ್ಯೆ ಚಿಕ್ಕದಾದಷ್ಟೂ ಕಪ್ಪು ಜಾಸ್ತಿ.

ಈಗ ಲೆಕ್ಕ ಹಾಕಿ. ಹೊರಗಿನ ದೃಶ್ಯ ನಿಮ್ಮ ಕಣ್ಣಿಗೆ ಬರಲು ಫಿಲ್ಮನ್ನು ಒಂದೇ ಸಲ ದಾಟಬೇಕು. ನೂರರಲ್ಲಿ 20 ಸಿಕ್ಕಿತು. ಆದರೆ ನಿಮ್ಮ ಮುಖ ಹೊರಗಿನವರಿಗೆ ಕಾಣಬೇಕಾದರೆ? ಬೆಳಕು ಮೊದಲು ಒಳಗೆ ಬರಬೇಕು, ಮುಖಕ್ಕೆ ಬಡಿಯಬೇಕು, ಮತ್ತೆ ಅದೇ ಫಿಲ್ಮ್ ದಾಟಿ ಹೊರಗೆ ಹೋಗಬೇಕು. ಟೋಲ್ ಎರಡು ಸಲ! ನೂರು ಇದ್ದದ್ದು 20 ಆಯಿತು, 20ರಲ್ಲಿ ಮತ್ತೆ ಐದನೇ ಒಂದು ಪಾಲು, ಅಂದರೆ 4. ಮುಖವೇ ಹೀರಿಕೊಳ್ಳುವ ಬೆಳಕನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಇನ್ನೂ ಇದೆ, ತಾಳಿ. ನಯವಾದ ಪ್ಲಾಸ್ಟಿಕ್ ಹಾಳೆ ಎದುರಿಂದ ಬಂದ ಬೆಳಕಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹೊರಮೈಯಿಂದಲೇ ಕನ್ನಡಿ ಥರ ವಾಪಸ್ ಕಳಿಸುತ್ತದೆ. ಅಂದರೆ ನಿಮ್ಮ ಮುಖದಿಂದ ಬರುವ ಚೂರುಪಾರು ಬೆಳಕು ಆಕಾಶದ, ಟ್ಯೂಬ್‌ಲೈಟಿನ ಹೊಳಪಿನಲ್ಲಿ ಮುಳುಗಿ ಹೋಗುತ್ತದೆ. ಜಾತ್ರೆ ಮೈಕ್ ಮುಂದೆ ನಿಂತು ಪಿಸುಗುಟ್ಟಿದ ಹಾಗೆ. ನನಗೆ ಇದು ಗೊತ್ತಾದ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಹೆಲ್ಮೆಟ್ ಆಯ್ತಾ ಇಲ್ವಾ, ಅದನ್ನ ಹೇಳು" ಅಂದಳು.

ಹಾಗಾಗಿ ಮಾಡಬೇಕಾದ್ದು ಒಂದೇ, ಒಳಗೆ ಕತ್ತಲು ಇರಬೇಕು. ಹೆಲ್ಮೆಟ್ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ನಾನು ಜಾಣತನ ಮಾಡಿ ಒಳಗೆ ನೀಲಿ ಎಲ್‌ಇಡಿ ಪಟ್ಟಿ ಹಾಕಿದ್ದೆ, ಸಿನಿಮಾ ಥರ ಕಾಣಲಿ ಅಂತ. ಹುಡುಗನ ಮೂಗಿನ ಹೊಳ್ಳೆವರೆಗೂ ಕಂಡವು, ಅವನಿಗೆ ಹೊರಗಿನದು ಏನೂ ಕಾಣಲಿಲ್ಲ. ರಾತ್ರಿಯ ಕಿಟಕಿಯೇ ಆಗಿಹೋಯಿತು. ಕಿತ್ತು ಹಾಕಿದೆ.

ಇನ್ನೊಂದು ಆಸೆ ಬೇಡ, 5ರ ಫಿಲ್ಮ್. ಫೋಟೋದಲ್ಲಿ ಸೂಪರ್, ವೇದಿಕೆ ಮೆಟ್ಟಿಲಲ್ಲಿ ಮುಗ್ಗರಿಸುತ್ತೀರಿ.

[ತೆರೆಯ ಮೇಲೆ: ಕ್ಯಾಮೆರಾ ಬ್ಯಾಟರಿ ಕೆಂಪು.]

ಬ್ಯಾಟರಿ ಹೋಗುತ್ತಿದೆ, ಓಡೋಣ. ಫಿಲ್ಮ್ ಅಂಟಿಸಲು 1 ಮಿಲಿಮೀಟರ್ ಪಿಇಟಿಜಿ ಹಾಳೆ ತನ್ನಿ, ಗಾಜಿನ ಥರ ಆರಪಾರ ಕಾಣುವ ಪ್ಲಾಸ್ಟಿಕ್ ಅದು. ಅದೂ ಕಷ್ಟ ಅಂದರೆ ಬೈಕ್ ಹೆಲ್ಮೆಟ್ ಅಂಗಡಿಯಲ್ಲಿ ರೆಡಿ ಸ್ಮೋಕ್ ವೈಸರ್ ಸಿಗುತ್ತದೆ, ಕತ್ತರಿಸಿಕೊಳ್ಳಿ, ಏನೂ ನಾಚಿಕೆಯಿಲ್ಲ. ಹಾಳೆಯನ್ನು ಒಂದೇ ದಿಕ್ಕಿಗೆ ಬಗ್ಗಿಸಿ. ಲೋಟಕ್ಕೆ ಕಾಗದ ಸುತ್ತಬಹುದು, ಚೆಂಡಿಗೆ ಸುತ್ತಿದರೆ ಸುಕ್ಕು. ಸೋಪ್ ನೀರು ಚಿಮುಕಿಸಿ ಫಿಲ್ಮನ್ನು ಒಳಮೈಗೆ ಕೂರಿಸಿ, ಹಳೇ ಎಟಿಎಂ ಕಾರ್ಡಿನಿಂದ ನೀರು, ಗುಳ್ಳೆ ತಳ್ಳಿ. ಒಂದು ದಿನ ಒಣಗಲಿ. ವೈಸರನ್ನು ವೆಲ್ಕ್ರೋದಲ್ಲಿ ಕೂರಿಸಿದರೆ ತೆಗೆದು ಒರೆಸಬಹುದು.

ಹೆಲ್ಮೆಟ್ಟಿಗೆ ಬಿಸಿಗಾಳಿ ಊದುವ ಹೀಟ್ ಗನ್ ಆಡಿಸಿ, ನೀರು ಬೆರೆಸಿದ ಬಿಳಿ ಫೆವಿಕಾಲ್ ಎರಡು ಮೂರು ಕೋಟ್, ಆಮೇಲೆ ಅಕ್ರಿಲಿಕ್ ಬಣ್ಣ. ಉಸಿರಿಗೆ ಬಾಯಿಯ ಹತ್ತಿರ ಮತ್ತು ಗಲ್ಲದ ಕೆಳಗೆ ದೊಡ್ಡ ಕಿಂಡಿ ಬಿಡಲೇಬೇಕು. ಮಂಜು ಕಟ್ಟಿದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಒಳಗೆ ಸವರಿ ಒರೆಸಿ. ಸಾಲದಿದ್ದರೆ ಬೆಂಗಳೂರಿನವರು ಎಸ್‌ಪಿ ರೋಡಿಗೆ ಹೋಗಿ 5 ವೋಲ್ಟಿನ ಪುಟ್ಟ ಫ್ಯಾನ್ ತನ್ನಿ, ಪವರ್ ಬ್ಯಾಂಕ್‌ನಲ್ಲಿ ಓಡುತ್ತದೆ.

ಮತ್ತೆ ಇದು ಚಪ್ಪಲಿ ಅಟ್ಟೆ, ನೆನಪಿರಲಿ. ಇದನ್ನು ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ, ಅದಕ್ಕೆ ಐಎಸ್‌ಐ ಗುರುತಿನ ಹೆಲ್ಮೆಟ್ಟೇ ಬೇಕು. ಫ್ಯಾನ್ಸಿ ಡ್ರೆಸ್ ಮುಗಿಸಿ ಬರುವಾಗ ಇದು ಸ್ಕೂಟರ್ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹುಡುಗ ತನ್ನ ನಿಜವಾದ ಹೆಲ್ಮೆಟ್ ಹಾಕಿಕೊಂಡು, ಇದನ್ನು ತೊಡೆ ಮೇಲೆ ಇಟ್ಟುಕೊಂಡು ಹಿಂದೆ ಕೂತಿದ್ದ. ಸಿಗ್ನಲ್‌ನಲ್ಲಿ ಪಕ್ಕದ ಆಟೋದವರು ಬಗ್ಗಿ ನೋಡಿ ಕೇಳಿದರು, "ಏನ್ ಸಾರ್, ಒಳ್ಳೇದನ್ನ ಕೈಲಿಟ್ಕೊಂಡು ಹಳೇದನ್ನ ಹಾಕಿದೀರಲ್ಲ ಹುಡುಗನಿಗೆ?"